ಯಜಮಾನರ ಫೋನ್ ಬಂದರೆ ಎದ್ದು ನಿಲ್ಲುತ್ತಿದ್ದ ಜಿ.ಎಂ.

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೊದಲ ಭೇಟಿಯಲ್ಲೇ ಅವರ ಫೋನ್ ರಿಂಗಾಯಿತು. ಹೆಸರು ನೋಡಿದ್ದೇ ತಡ, ಕುರ್ಚಿಯಿಂದ ಎದ್ದು ನಿಂತರು. ನಿಂತೇ ಮಾತಾಡಿದರು. "ಆಯ್ತು ಯಜಮಾನ್ರೇ... ನೋಡ್ತೀನಿ ಯಜಮಾನ್ರೇ..." ಫೋನ್ ಇಟ್ಟ ಮೇಲೂ ಸ್ವಲ್ಪ ಹೊತ್ತು ಕೂರಲಿಲ್ಲ. ಎಡಗೈ ಹೊಟ್ಟೆ ಹಿಡಿದುಕೊಂಡಿತ್ತು.

ಮಧ್ಯ ಕರ್ನಾಟಕದ ಒಂದು ಊರಿನ ಪಟ್ಟಣ ಸಹಕಾರಿ ಬ್ಯಾಂಕಿನ ಜನರಲ್ ಮ್ಯಾನೇಜರ್ ಅವರು. ಇಲ್ಲಿ ಜಿ.ಎಂ. ಎಂದೇ ಕರೆಯುತ್ತೇನೆ. ವಯಸ್ಸು 54. ನಾಲ್ಕು ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ, ಹೊಟ್ಟೆಯುರಿ, ಮನೆಯಲ್ಲಿ ಸಿಡಿಮಿಡಿ. ಪರೀಕ್ಷೆಗಳಲ್ಲಿ ಏನೂ ಸಿಗದೆ ಡಾಕ್ಟರೇ ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ್ದರು. ಜೊತೆಗೆ ಬಂದಿದ್ದ ಹೆಂಡತಿ, "ಇವ್ರು ಆ ಕೆಲಸ ಬಿಟ್ರೆ ಸಾಕು ಮೇಡಂ" ಎಂದರು.

ಫೋನ್ ಮಾಡಿದವರು ಬ್ಯಾಂಕಿನ ನಿರ್ದೇಶಕ ಮಂಡಳಿಯ ಅಧ್ಯಕ್ಷರು. ಅಪ್ಪ ತೀರಿಕೊಂಡು ಮನೆ ಬೀದಿಗೆ ಬಿದ್ದಾಗ, 22ರ ಹುಡುಗನನ್ನು ಕರೆದು ಗುಮಾಸ್ತನ ಕೆಲಸ ಕೊಡಿಸಿದವರು ಅವರೇ. ತಂಗಿಯ ಮದುವೆಗೆ ಚೌಲ್ಟ್ರಿ ಬಾಡಿಗೆ ಕಟ್ಟಿದವರೂ ಅವರೇ. ಈಗ ಅವರು ಮಗನ ಅಕ್ಕಿ ಗಿರಣಿಗೆ ಸಾಲ ಕೇಳುತ್ತಿದ್ದಾರೆ. ಆ ಗಿರಣಿಗೆ ಅವರೂ ಪಾಲುದಾರರು.

ಇದು ಆಗದ ಮಾತು. ನಿರ್ದೇಶಕರು ಪಾಲುದಾರರಾಗಿರುವ ಸಂಸ್ಥೆಗೆ ಬ್ಯಾಂಕ್ ಇಂಥ ಸಾಲ ಕೊಡುವಂತಿಲ್ಲ. ಜಿ.ಎಂ.ಗೆ ಅದು ಬಾಯಿಪಾಠ. ಆದರೆ ಹೇಳೋಕೆ ಬಾಯಿ ಬರುತ್ತಿಲ್ಲ. "ಅವರ ಅನ್ನ ತಿಂದವನು ನಾನು" ಎಂದು ಅತ್ತರು. ನಾನು ನೀರು ಕೊಟ್ಟು ಸುಮ್ನೆ ಕೂತೆ.

ಅಧ್ಯಕ್ಷರ ಮನಸ್ಸಿನಲ್ಲೂ ಏನೋ ಕುದಿಯುತ್ತಿತ್ತು. 2020ರಲ್ಲಿ ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಗೆ ತಿದ್ದುಪಡಿ ಬಂದು ಸಹಕಾರಿ ಬ್ಯಾಂಕುಗಳ ಮೇಲೆ ಮುಂಬೈಯ ರಿಸರ್ವ್ ಬ್ಯಾಂಕಿನ ಹಿಡಿತ ಬಿಗಿಯಾಯಿತು. ನಿರ್ದೇಶಕರು ಸತತ 8 ವರ್ಷ ಮಾತ್ರ ಇರಬಹುದು ಎಂದಾಯಿತು. 2025ರಲ್ಲಿ ಅದನ್ನು 10 ವರ್ಷಕ್ಕೆ ಏರಿಸಿದರು. ಮೂರು ದಶಕ ಆ ಕುರ್ಚಿಗಳ ನಡುವೆ ಬದುಕಿದ ಮನುಷ್ಯ ಅವರು. ಊರಿನ ಮದುವೆಯ ಮೊದಲ ಕರೆಯೋಲೆ ಇನ್ನು ಮುಂದೆಯೂ ತಮಗೇ ಬರುತ್ತಾ ಎಂಬ ಚಿಂತೆ ಇರುತ್ತೆ, ಅಲ್ವಾ? "ನಾವು ಕಟ್ಟಿದ ಬ್ಯಾಂಕು, ಮುಂಬೈಯವರು ಯಾರು ಕೇಳೋಕೆ?" ಎಂದು ಸಭೆಯಲ್ಲಿ ಕೂಗಾಡಿದ್ದರಂತೆ. ಅದರಲ್ಲಿ ನನಗೆ ಕೇಳಿಸಿದ್ದು ದುರಾಸೆಗಿಂತ ಜಾಸ್ತಿ ಭಯ.

ಮೂರನೇ ಭೇಟಿಯಲ್ಲಿ ಒಂದು ಪ್ರಶ್ನೆ ಕೇಳಿದೆ. "ನಿರ್ದೇಶಕರ ಸಂಸ್ಥೆಗೆ ಸಾಲ ಕೊಡುವಂತಿಲ್ಲ ಅನ್ನೋ ನಿಯಮ ಇದೆ ಅಂತ ಮಂಡಳಿಗೆ ಯಾವಾಗ ಹೇಳಿದಿರಿ?"

ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಹೇಳಿದರು. ರಿಸರ್ವ್ ಬ್ಯಾಂಕಿನ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರುತ್ತವೆ. ಪ್ರಿಂಟ್ ತೆಗೆದು, ಹಸಿರು ಟ್ಯಾಗ್ ಹಾಕಿ, ತಮ್ಮ ಮೇಜಿನ ಬಲಗಡೆ ಡ್ರಾಯರಿನಲ್ಲಿ ಇಡುತ್ತಾರೆ. ಸಭೆಯ ಅಜೆಂಡಾದಲ್ಲಿ "ಸುತ್ತೋಲೆಗಳನ್ನು ಗಮನಿಸುವುದು" ಎಂಬ ಒಂದು ಸಾಲು. ಯಾರೂ ಓದುವುದಿಲ್ಲ, ಇವರೂ ವಿವರಿಸುವುದಿಲ್ಲ. ನಡಾವಳಿ ಪುಸ್ತಕದಲ್ಲಿ ಮಾತ್ರ "ಗಮನಿಸಲಾಯಿತು" ಎಂದು ಬರೆಯುತ್ತಾರೆ. "ಅವರಿಗೆ ಅರ್ಥ ಆಗಲ್ಲ ಬಿಡಿ ಅಂದ್ಕೊಂಡಿದ್ದೆ" ಎಂದರು. ಸ್ವಲ್ಪ ತಡೆದು, "ನನಗೊಬ್ಬನಿಗೇ ಗೊತ್ತು ಅನ್ನೋದು ಒಂಥರಾ ಖುಷಿನೂ ಕೊಡ್ತಿತ್ತು" ಎಂದೂ ಹೇಳಿದರು. ಹಾಗೆ ಒಪ್ಪಿಕೊಳ್ಳೋಕೆ ಧೈರ್ಯ ಬೇಕು. ಅವರ ಮೇಲೆ ನನಗೆ ಗೌರವ ಮೂಡಿದ್ದು ಆ ದಿನ.

ನಾನು ನೇರವಾಗಿಯೇ ಹೇಳಿದೆ. ಮಂಡಳಿಯನ್ನು ಕತ್ತಲೆಯಲ್ಲಿ ಇಟ್ಟು, ಅವರು ಎಡವಿದರು ಅಂತ ದೂರುವುದು ಸರಿಯಲ್ಲ. ಪಿಗ್ಮಿ ಕಟ್ಟುವ ತರಕಾರಿ ಅಂಗಡಿಯವರ ದುಡ್ಡು ಆ ಬ್ಯಾಂಕಿನಲ್ಲಿದೆ. ಠೇವಣಿ ವಿಮೆ ಸಿಗುವುದು ಒಬ್ಬರಿಗೆ 5 ಲಕ್ಷದವರೆಗೆ ಮಾತ್ರ. ಅದರ ಮೇಲೆ ಇಟ್ಟವರು ನಿಮ್ಮ ಸಹಿಯನ್ನೇ ನಂಬಿ ಇಟ್ಟಿದ್ದಾರೆ ಎಂದೆ.

ರಾಜೀನಾಮೆ ಮಾತು ಸದ್ಯಕ್ಕೆ ಬೇಡ ಎಂದೆ. ನಿದ್ದೆ ಕೆಟ್ಟಿರುವಾಗ ತೆಗೆದುಕೊಂಡ ತೀರ್ಮಾನಕ್ಕೆ ಆಮೇಲೆ ಹಲುಬಬೇಕಾಗುತ್ತದೆ. ಪ್ರತಿ ಸುತ್ತೋಲೆಗೂ ಒಂದು ಪುಟದ ಕನ್ನಡ ಟಿಪ್ಪಣಿ ಬರೆಯಿರಿ, ಸಭೆಗೆ ವಾರ ಮೊದಲೇ ಎಲ್ಲ ನಿರ್ದೇಶಕರ ಮನೆಗೆ ಕಳಿಸಿ, ಸಭೆಯಲ್ಲಿ ಓದಿ ಹೇಳಿ ಎಂದೆ. ಬ್ಯಾಂಕಿನ ಠೇವಣಿ 100 ಕೋಟಿ ದಾಟಿರುವುದರಿಂದ ನಿರ್ದೇಶಕ ಮಂಡಳಿಯ ಜೊತೆಗೆ ವ್ಯವಸ್ಥಾಪನಾ ಮಂಡಳಿಯೂ ಇರಲೇಬೇಕು, ಇದು ರಿಸರ್ವ್ ಬ್ಯಾಂಕ್ 2019ರ ಕೊನೆಯಲ್ಲಿ ಹೇಳಿದ್ದು. ಅದರಲ್ಲಿ ಲೆಕ್ಕಪತ್ರ, ಕಾನೂನು ತಿಳಿದವರಿದ್ದರು. ಇವರು ಮಾತ್ರ ಎಲ್ಲವನ್ನೂ ಒಬ್ಬರೇ ಹೊತ್ತಿದ್ದರು.

ಸಾಲದ ವಿಷಯಕ್ಕೆ ಒಂದು ವಾಕ್ಯ ಕಟ್ಟಿದೆವು. "ಯಜಮಾನ್ರೇ, ಇದಕ್ಕೆ ನಾನು ಸಹಿ ಹಾಕಿದ್ರೆ ನಿಮ್ಮ ಹೆಸರಿಗೇ ಮಸಿ. ಅದನ್ನ ನನ್ನ ಕೈಯಿಂದ ಮಾಡಿಸಬೇಡಿ." ನನ್ನೆದುರು ಎಂಟು ಹತ್ತು ಸಲ ಹೇಳಿಸಿದೆ. ಮೊದಲೆಲ್ಲಾ "ನಿಮ್ಮ ಹೆಸರಿಗೆ" ಎಂಬಲ್ಲಿಗೆ ಗಂಟಲು ಕಟ್ಟುತ್ತಿತ್ತು. ಫೋನಿನಲ್ಲಿ ಬೇಡ, ಬ್ಯಾಂಕಿನಲ್ಲೂ ಬೇಡ, ಭಾನುವಾರ ಹೆಂಡತಿ ಜೊತೆ ಅವರ ಮನೆಗೇ ಹೋಗಿ ಹೇಳಿ ಎಂದೆ. ಎದ್ದು ನಿಲ್ಲುವುದನ್ನು ಬಿಡಿ ಅಂತ ನಾನು ಹೇಳಲಿಲ್ಲ. ಆ ಋಣ ನಿಜವಾದದ್ದು.

ಹೋದರು. ಅಧ್ಯಕ್ಷರು ಒಳಗೆದ್ದು ಹೋಗಿ ಅರ್ಧ ಗಂಟೆ ಹೊರಗೆ ಬರಲಿಲ್ಲವಂತೆ. ಕಾಫಿ ತಂದುಕೊಟ್ಟಿದ್ದು ಅವರ ಸೊಸೆ. ಮೂರು ವಾರ ಫೋನೇ ಇಲ್ಲ. ಆ ಮೂರು ವಾರ ಜಿ.ಎಂ. ಮೊದಲಿಗಿಂತ ಜಾಸ್ತಿ ಒದ್ದಾಡಿದರು, ನನ್ನ ಹತ್ತಿರ ವಾರಕ್ಕೆ ಎರಡು ಸಲ ಬಂದರು. ಸಾಲದ ಅರ್ಜಿ ಮಾತ್ರ ಕಮಿಟಿಗೆ ಬರಲಿಲ್ಲ.

ಮುಂದಿನ ಸಭೆಗೆ ನಾಲ್ಕು ದಿನ ಇರುವಾಗ ಫೋನ್ ಬಂತು. ಜಿ.ಎಂ. ಎದ್ದು ನಿಂತು ತೆಗೆದುಕೊಂಡರಂತೆ. ಅಧ್ಯಕ್ಷರು ಗಿರಣಿಯ ಮಾತೇ ಎತ್ತಲಿಲ್ಲ. "ತಮ್ಮಾ, ಆ ಕನ್ನಡ ಹಾಳೆ ಕಳಿಸಿದ್ಯಲ್ಲ, ಅಕ್ಷರ ಸ್ವಲ್ಪ ದೊಡ್ಡದು ಮಾಡಿಸು. ನನಗೆ ಕಾಣಲ್ಲ" ಎಂದರಂತೆ.