ಕೇಳಿ, ಹೇಳುತ್ತೇವೆ: ಅರಮನೆಯೂರುಗಳಿಗೆ ಐಷಾರಾಮಿ ರೈಲು

ರಾಜಮಹಾರಾಜರ ಊರುಗಳನ್ನು ಸುತ್ತಿಸುವ ಐಷಾರಾಮಿ ರೈಲುಗಳ ಬಗ್ಗೆ ಗಡಿನಾಡಿನ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಆರನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ನಾನೂ ನನ್ನ ಮನೆಯವರೂ ರಾಜಸ್ಥಾನ ಸುತ್ತಿಸುವ 'ಪ್ಯಾಲೇಸ್ ಆನ್ ವೀಲ್ಸ್' ರೈಲಿನಲ್ಲಿ ಹೋಗಬೇಕೆಂದಿದ್ದೇವೆ. ಅಡಿಕೆ ಕೊಯ್ಲು ಪೂರ್ತಿ ಮುಗಿಸಿ ಏಪ್ರಿಲ್‌ನಲ್ಲಿ ಹೊರಟರೆ ಆದೀತೇ? ಕಾಸರಗೋಡಿನಿಂದ ದೆಹಲಿಗೆ ವಿಮಾನ ಬೇಡ, ರೈಲೇ ಸಾಕು. — ಬದಿಯಡ್ಕದ ಓದುಗರು

ಏಪ್ರಿಲ್ ಬೇಡ. ರೈಲು ಆ ತಿಂಗಳಲ್ಲೂ ಓಡಬಹುದು, ಆದರೆ ಜೈಸಲ್ಮೇರಿನ ಮರಳುಗಲ್ಲಿನ ಕೋಟೆಯಲ್ಲಿ ಮಧ್ಯಾಹ್ನ ನಿಲ್ಲುವುದಕ್ಕಾಗದು. ಡಿಸೆಂಬರ್ ಕೊನೆ ಮತ್ತು ಜನವರಿಯನ್ನೂ ಬಿಡಿ. ಆಗ ದೆಹಲಿ, ಆಗ್ರಾ, ಭರತಪುರದ ಕಡೆ ದಟ್ಟ ಮಂಜು. ಸಿಗ್ನಲ್ ಕಾಣದೆ ಎಲ್ಲ ರೈಲುಗಳೂ ವೇಗ ತಗ್ಗಿಸುತ್ತವೆ. ದುಬಾರಿ ರೈಲೆಂದು ಮಂಜು ದಾರಿ ಬಿಡುವುದಿಲ್ಲ. ಬೆಳಿಗ್ಗೆ ಎರಡು ತಾಸು ತಡವಾದರೆ ಆ ದಿನದ ಒಂದು ಜಾಗವೇ ಕಾರ್ಯಕ್ರಮದಿಂದ ಬಿದ್ದುಹೋಗುತ್ತದೆ. ಫೆಬ್ರವರಿ ಎರಡನೇ ವಾರದಿಂದ ಮಾರ್ಚ್ ಮಧ್ಯದವರೆಗಿನ ಕಾಲ ಒಳ್ಳೆಯದು. ಎರಡು ಕೊಯ್ಲುಗಳ ನಡುವೆ ಬಿಡುವು ಮಾಡಿಕೊಳ್ಳಿ, ತೋಟವನ್ನು ಎರಡು ವಾರ ಯಾರಿಗಾದರೂ ಒಪ್ಪಿಸಿ.

ಈ ರೈಲಿನ ವಾಡಿಕೆಯ ಕ್ರಮ ಹೀಗಿದೆ: ದೆಹಲಿಯ ಸಫ್ದರ್‌ಜಂಗ್ ನಿಲ್ದಾಣದಿಂದ ಬುಧವಾರ ಹೊರಡುತ್ತದೆ. 7 ರಾತ್ರಿ, 8 ದಿನ. ಜೈಪುರ, ಸವಾಯಿ ಮಾಧೋಪುರ, ಚಿತ್ತೋಡಗಢ, ಉದಯಪುರ, ಜೈಸಲ್ಮೇರ್, ಜೋಧಪುರ, ಭರತಪುರ, ಆಗ್ರಾ. ಬುಧವಾರ ಹೊರಟರೆ ಆಗ್ರಾ ಮಂಗಳವಾರ ಬರುತ್ತದೆ. ತಾಜ್‌ಮಹಲ್‌ಗೆ ಶುಕ್ರವಾರ ರಜೆ, ಹಾಗಾಗಿ ಆ ತಲೆಬಿಸಿ ನಿಮಗಿಲ್ಲ.

ದೆಹಲಿಗೆ ಮಂಗಳಾ ಲಕ್ಷದ್ವೀಪ ಎಕ್ಸ್‌ಪ್ರೆಸ್ ಹಿಡಿಯಿರಿ. ಕಾಸರಗೋಡಿನಲ್ಲಿ ನಿಲ್ಲುತ್ತದೆ, ಕೊಂಕಣದ ದಾರಿಯಾಗಿ ಹಜರತ್ ನಿಜಾಮುದ್ದೀನ್ ತಲುಪುತ್ತದೆ. ಅಲ್ಲಿಂದ ಸಫ್ದರ್‌ಜಂಗ್ ದೂರವಲ್ಲ. ಎರಡು ರಾತ್ರಿಯ ಪ್ರಯಾಣ, ಶನಿವಾರ ಹತ್ತಿದರೆ ಸೋಮವಾರ ಇಳಿಯುತ್ತೀರಿ. ಭಾನುವಾರ ಹತ್ತಿ ಮಂಗಳವಾರ ಇಳಿದರೂ ಆಗುತ್ತದಲ್ಲ ಅನ್ನಿಸಬಹುದು, ಹಾಗೆ ಮಾಡಬೇಡಿ. ದೂರದ ರೈಲು ಅರ್ಧ ದಿನ ತಡವಾದರೂ ಸುಧಾರಿಸಿಕೊಳ್ಳಲು ಒಂದು ಇಡೀ ದಿನ ಕೈಯಲ್ಲಿರಬೇಕು. ಐಷಾರಾಮಿ ರೈಲು ನಿಮಗಾಗಿ ಕಾಯದು. ತಪ್ಪಿದರೆ ಸ್ವಂತ ಖರ್ಚಿನಲ್ಲಿ ಮುಂದಿನ ಊರಿನಲ್ಲಿ ಸೇರಿಕೊಳ್ಳಬೇಕು. ಸಾಮಾನ್ಯ ರೈಲಿನ ಮುಂಗಡ ಬುಕಿಂಗ್ 2024ರ ನವೆಂಬರ್ 1ರಿಂದ 60 ದಿನಕ್ಕೆ ಇಳಿದಿದೆ. ಎಣಿಕೆಯನ್ನು ಆ ಶನಿವಾರದಿಂದ ಹಿಂದಕ್ಕೆ ಮಾಡಿ, ಬುಧವಾರದಿಂದಲ್ಲ.

ನಮ್ಮ ಅವ್ವಗ 72 ವರ್ಷ, ಮೊಣಕಾಲು ನೋವು ಅದ. ಮೆಟ್ಟಲು ಹತ್ತೂದು ಕಷ್ಟ. ಆಕಿನ್ನ ಕರಕೊಂಡು ಇಂಥಾ ರೈಲಿನಾಗ ಹೋಗಬಹುದೇನು? — ಅಕ್ಕಲಕೋಟೆಯ ಓದುಗರು

ಹೋಗಬಹುದು. ರೈಲಿನೊಳಗೆ ಎಲ್ಲಿ ತೊಂದರೆ, ಹೊರಗೆ ಎಲ್ಲಿ ತೊಂದರೆ ಎಂಬುದನ್ನು ಮೊದಲೇ ಬೇರೆ ಮಾಡಿ ನೋಡಿ.

ಒಳಗಿನ ಮುಖ್ಯ ಸಂಗತಿ ಕ್ಯಾಬಿನ್ ಎಲ್ಲಿದೆ ಎನ್ನುವುದು. ಬೋಗಿಯ ಎರಡು ತುದಿಗಳಲ್ಲಿ ಚಕ್ರಗಳ ಚೌಕಟ್ಟು ಇರುವುದರಿಂದ ಅಲ್ಲಿ ಕುಲುಕಾಟವೂ ಸದ್ದೂ ಹೆಚ್ಚು. ನಡುವಿನ ಕ್ಯಾಬಿನ್ ಕೇಳಿ. ಜನರೇಟರ್ ಬೋಗಿಯ ಪಕ್ಕದ ಬೋಗಿ ಬೇಡವೆಂದು ಹೇಳಿ, ರಾತ್ರಿಯಿಡೀ ಗುಂಯ್‌ಗುಡುತ್ತದೆ. ಊಟದ ಬೋಗಿಗೆ ಹತ್ತಿರದ ಬೋಗಿ ಕೊಡಿ ಎಂದೂ ಬರೆಸಿ. ದಿನಕ್ಕೆ ಮೂರು ಹೊತ್ತು ಓಡುವ ರೈಲಿನಲ್ಲಿ ಐದಾರು ಬೋಗಿ ದಾಟುವುದು, ಅದೂ ಬೋಗಿ ಬೋಗಿ ಸೇರುವಲ್ಲಿ ಅಲುಗಾಡುವ ತಗಡಿನ ಮೇಲೆ ಕಾಲಿಡುವುದು, ಮೊಣಕಾಲಿಗೆ ಕೋಟೆಯಷ್ಟೇ ಕಷ್ಟ. ಈ ಮೂರನ್ನೂ ಬುಕಿಂಗ್ ದಿನವೇ ಬರಹದಲ್ಲಿ ಕೇಳಬೇಕು, ಹತ್ತಿದ ಮೇಲೆ ಬದಲಾಯಿಸಲು ಜಾಗವಿರುವುದಿಲ್ಲ. ಅವ್ವ ಸ್ನಾನವನ್ನು ರೈಲು ನಿಂತ ಮೇಲೆ ಬೆಳಿಗ್ಗೆ ಮಾಡಲಿ. ಓಡುವಾಗ ಒದ್ದೆ ನೆಲದಲ್ಲಿ ಜಾರುವ ಭಯ. ಹಿಡಿಕೆಯನ್ನು ಮೊದಲ ದಿನವೇ ಮುಟ್ಟಿ ತೋರಿಸಿಬಿಡಿ.

ಹೊರಗೆ, ರಾಜಸ್ಥಾನದಲ್ಲಿ ಜೋಧಪುರದ ಮೆಹ್ರಾನ್‌ಗಢ ಸುಲಭ, ಅಲ್ಲಿ ಲಿಫ್ಟ್ ಇದೆ. ಚಿತ್ತೋಡದ ಕೋಟೆಯ ಮೇಲೆ ವಾಹನವೇ ಹೋಗುತ್ತದೆ. 15ನೇ ಶತಮಾನದಲ್ಲಿ ರಾಣಾ ಕುಂಭ ಕಟ್ಟಿಸಿದ ಒಂಬತ್ತು ಅಂತಸ್ತಿನ ವಿಜಯಸ್ತಂಭವನ್ನು ಕೆಳಗಿನಿಂದ ನೋಡಿದರೂ ತೃಪ್ತಿ. ಉದಯಪುರದ ಸಿಟಿ ಪ್ಯಾಲೇಸಿನ ಮೆಟ್ಟಿಲುಗಳು ಕಿರಿದು, ಕಡಿದು. ಅಲ್ಲಿ ಅವ್ವ ಅಂಗಳದಲ್ಲೇ ಕುಳಿತಿರಲಿ. ಸವಾಯಿ ಮಾಧೋಪುರದ ಹತ್ತಿರದ ರಣಥಂಬೋರ ಹುಲಿ ಕಾಡಿನ ಸಫಾರಿ ಬೇಡವೇ ಬೇಡ. ಆರು ಜನರ ಜಿಪ್ಸಿಯಾಗಲಿ, ದೊಡ್ಡ ಕ್ಯಾಂಟರ್ ಆಗಲಿ, ಕಲ್ಲುದಾರಿಯಲ್ಲಿ ಮೂರು ತಾಸು ಎತ್ತಿ ಹಾಕುತ್ತದೆ.

ನಿಮ್ಮ ಊರಿಗೆ ನಮ್ಮ ಸಲಹೆ ಬೇರೆಯೇ. ಮುಂಬಯಿಯಿಂದ ಹೊರಡುವ ಡೆಕ್ಕನ್ ಒಡಿಸ್ಸಿ ನೋಡಿ. 2004ರಲ್ಲಿ ಶುರುವಾದ ರೈಲು, ಕೊರೊನಾ ಕಾಲದಲ್ಲಿ ನಿಂತು 2023ರಲ್ಲಿ ಮತ್ತೆ ಹಳಿಗಿಳಿಯಿತು. ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಒಂದೇ ರಾತ್ರಿಯಲ್ಲಿ ಮುಂಬಯಿ ಮುಟ್ಟಿಸುತ್ತದೆ, ಎರಡು ದಿನದ ಪ್ರಯಾಣ ಉಳಿಯುತ್ತದೆ. ಮಹಾರಾಷ್ಟ್ರದೊಳಗಿನ ಸುತ್ತಿನಲ್ಲಿ ವೇರೂಳಿನ (ಎಲ್ಲೋರಾ) ಕೈಲಾಸ ದೇವಾಲಯ ನೆಲಮಟ್ಟದಲ್ಲೇ ಇದೆ. ಅಜಂತಾದಲ್ಲಿ ಮಾತ್ರ ಮೆಟ್ಟಿಲು ಬಹಳ. ಅಜಂತಾಕ್ಕೆ ಸೋಮವಾರ ರಜೆ, ವೇರೂಳಿಗೆ ಮಂಗಳವಾರ ರಜೆ. ವೇಳಾಪಟ್ಟಿ ಕೈಗೆ ಬಂದಾಗ ಮೊದಲು ಇವೆರಡು ದಿನ ತಾಳೆ ನೋಡಿ.

ಜಾಹೀರಾತಿನಲ್ಲಿ ಒಂದು ದರ, ವಿಚಾರಿಸಿದಾಗ ಇನ್ನೊಂದು ದರ. ಲಕ್ಷಗಟ್ಟಲೆ ಕೊಟ್ಟರೆ ನಿಜವಾಗಿ ಏನು ಸಿಗುತ್ತದೆ? — ಹೊಸೂರಿನ ಓದುಗರು

ವ್ಯತ್ಯಾಸ ಬರುವುದು ನಾಲ್ಕು ಕಡೆ. ಜಾಹೀರಾತಿನ ದರ ಸಾಮಾನ್ಯವಾಗಿ 'ಇಬ್ಬರು ಒಂದು ಕ್ಯಾಬಿನ್ ಹಂಚಿಕೊಂಡರೆ ಒಬ್ಬರಿಗೆ' ಎಂಬ ಲೆಕ್ಕ. ಇಡೀ ಕ್ಯಾಬಿನ್ನಿನದೆಂದು ತಿಳಿದವರಿಗೆ ಖರ್ಚು ಇಮ್ಮಡಿಯಾಗುತ್ತದೆ. ಒಬ್ಬರೇ ಹೋದರೆ ಹೆಚ್ಚುವರಿ ಹಣ ಉಂಟು. ಜಿಎಸ್‌ಟಿ ಮೇಲೆ ಸೇರುತ್ತದೆ. ಜೊತೆಗೆ ಹಬ್ಬದ ವಾರಗಳ ದರವೂ ಬೇರೆ.

ದರದೊಳಗೆ ಬರುವುದು ಕ್ಯಾಬಿನ್, ಊಟ, ಬಸ್ಸಿನಲ್ಲಿ ಸುತ್ತಾಟ, ಗೈಡ್, ಸ್ಮಾರಕಗಳ ಟಿಕೆಟ್. ಮದ್ಯ ಕೆಲವು ಪ್ಯಾಕೇಜಿನಲ್ಲಿ ಒಳಗೆ, ಕೆಲವುಗಳಲ್ಲಿ ಹೊರಗೆ. ಬಟ್ಟೆ ಒಗೆಸುವುದು, ಸ್ಪಾ, ಕೆಲಸದವರಿಗೆ ಕೊಡುವ ಖುಷಿ ಹಣ ಬೇರೆ. ಪ್ಯಾಲೇಸ್ ಆನ್ ವೀಲ್ಸ್‌ನಲ್ಲಿ ಬೋಗಿಯ ಪರಿಚಾರಕರಿಗೆ ಖಿದ್ಮತ್‌ಗಾರ್ ಎನ್ನುತ್ತಾರೆ. ಖುಷಿ ಹಣ ಕೊಡಲೇಬೇಕೆಂದಿಲ್ಲ, ಆದರೆ ಏಳು ರಾತ್ರಿ ನಿಮ್ಮ ಹಾಸಿಗೆ, ಚಹಾ ನೋಡಿಕೊಂಡವರಿಗೆ ಕೊನೆಯ ದಿನ ಒಟ್ಟಿಗೆ ಕೊಡುವುದು ರೂಢಿ, ನಮ್ಮ ದೃಷ್ಟಿಯಲ್ಲಿ ನ್ಯಾಯವೂ ಹೌದು.

ಕ್ಯಾಬಿನ್ನಿನ ಅಳತೆಗೆ ಐಆರ್‌ಸಿಟಿಸಿ 2010ರಿಂದ ಓಡಿಸುತ್ತಿರುವ ಮಹಾರಾಜಾಸ್ ಎಕ್ಸ್‌ಪ್ರೆಸ್ಸನ್ನೇ ತೆಗೆದುಕೊಳ್ಳಿ. 23 ಬೋಗಿಗಳ ರೈಲಿನಲ್ಲಿ ಮಲಗುವ ಬೋಗಿ 14, ಕ್ಯಾಬಿನ್ 43. ಡೀಲಕ್ಸ್ ಎಂದರೆ ಬೋಗಿಗೆ ನಾಲ್ಕು, ತಲಾ 112 ಚದರಡಿ. ಜೂನಿಯರ್ ಸ್ವೀಟ್ ಬೋಗಿಗೆ ಮೂರು, 150 ಚದರಡಿ. ಸ್ವೀಟ್ ಎರಡೇ, 220 ಚದರಡಿ. 'ನವರತ್ನ' ಎಂಬ ಪ್ರೆಸಿಡೆನ್ಷಿಯಲ್ ಸ್ವೀಟಿಗೆ ಇಡೀ ಬೋಗಿ, 448 ಚದರಡಿ. 112 ಚದರಡಿ ಅಂದರೆ ಸುಮಾರು 10 ಅಡಿಗೆ 11 ಅಡಿ, ಬಚ್ಚಲೂ ಅದರೊಳಗೇ. ಅಂದರೆ ಮನೆಯ ಚಿಕ್ಕ ಕೋಣೆಯಷ್ಟು. ಗಟ್ಟಿ ಚಿಪ್ಪಿನ ದೊಡ್ಡ ಸೂಟ್‌ಕೇಸ್ ಎರಡು ಬಿಚ್ಚಿಟ್ಟರೆ ಓಡಾಡಲು ಜಾಗವಿಲ್ಲ. ಮಂಚದ ಕೆಳಗೆ ತಳ್ಳಬಹುದಾದ ಮೆತ್ತನೆ ಬ್ಯಾಗ್ ಒಯ್ಯಿರಿ. ಹಗಲಿಡೀ ಹೊರಗಿರುವುದರಿಂದ ಡೀಲಕ್ಸ್ ಸಾಕು. ಉಳಿದ ಹಣ ಇನ್ನೊಂದು ಪ್ರಯಾಣಕ್ಕೆ ಬಂದೀತು.

ಇನ್ನೊಂದು ಮಾತು. ಕಿಟಕಿಯ ಪಕ್ಕ ಕುಳಿತು ಮರುಭೂಮಿ ನೋಡುತ್ತ ಹೋಗಬಹುದೆಂದು ಹಲವರು ಎಣಿಸುತ್ತಾರೆ. ಈ ರೈಲುಗಳು ಹೆಚ್ಚಾಗಿ ರಾತ್ರಿ ಓಡಿ ಹಗಲು ನಿಲ್ಲುತ್ತವೆ. ನೀವು ಕೊಡುವ ಹಣ ಮಲಗಿ ಏಳುವಷ್ಟರಲ್ಲಿ ಮುಂದಿನ ಊರು ಬಂದಿರುವ ಆ ಅನುಕೂಲಕ್ಕೆ, ದಿನವೂ ಗಂಟು ಕಟ್ಟಿ ಹೋಟೆಲ್ ಬದಲಿಸದೇ ಇರುವುದಕ್ಕೆ.

ಹಣ ಕಟ್ಟುವ ಮೊದಲು ರದ್ದತಿ ನಿಯಮವನ್ನು ಬರಹದಲ್ಲಿ ತರಿಸಿಕೊಳ್ಳಿ. ದಿನ ಹತ್ತಿರವಾದಷ್ಟೂ ವಾಪಸ್ ಬರುವುದು ಕಡಿಮೆ. ಯಾರದೋ ಸ್ವಂತ ಯುಪಿಐಗೆ ಹಣ ಹಾಕಬೇಡಿ. ಜಿಎಸ್‌ಟಿ ಸಂಖ್ಯೆ ಇರುವ ರಸೀದಿ ಬೇಕೇ ಬೇಕು. ಹೆಸರು ಆಧಾರ್‌ನಲ್ಲಿರುವಂತೆಯೇ ಇರಲಿ. ಗಡಿನಾಡಿನವರಲ್ಲಿ ಇನಿಶಿಯಲ್ ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇರುತ್ತದೆ, ಹತ್ತುವಾಗ ಗೊಂದಲವಾಗುವುದು ಅಲ್ಲೇ.

ಹೊಸೂರಿನಿಂದ ಬೆಂಗಳೂರು 40 ಕಿ.ಮೀ. ಮೊದಲ ಸಲ ಹೋಗುವುದಾದರೆ 2008ರಲ್ಲಿ ಕರ್ನಾಟಕ ಆರಂಭಿಸಿದ ಗೋಲ್ಡನ್ ಚಾರಿಯಟ್‌ನ 3 ರಾತ್ರಿಯ ಸುತ್ತು ನೋಡಿ: ಬಂಡೀಪುರ, ಮೈಸೂರು, ಹಂಪಿ. ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜಮನೆತನಗಳ ಹೆಸರು ಹೊತ್ತ ಬೋಗಿಗಳು. ಊಟದ ಬೋಗಿಗಳ ಹೆಸರು ರುಚಿ ಮತ್ತು ನಳಪಾಕ. ಅಂಗವಿಕಲರಿಗೆಂದೇ ಮಾಡಿದ ಒಂದು ಕ್ಯಾಬಿನ್ ಇದರಲ್ಲಿದೆ. ಅಕ್ಕಲಕೋಟೆಯವರೂ ಇದನ್ನು ಗಮನಿಸಲಿ.

ನಾವು ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ಲ. ಎಂಟು ದಿನ ಹೊಟ್ಟೆಗೇನು? ಕುಚ್ಚಲಕ್ಕಿ ಗಂಜಿ ಸಿಗದಿದ್ದರೆ ಯಜಮಾನರಿಗೆ ಊಟವೇ ಆಗದು. — ಪೆರ್ಲದ ಓದುಗರು

ಬುಕಿಂಗ್ ಮಾಡುವಾಗಲೇ ತಿಳಿಸಿ, ಹತ್ತಿದ ದಿನ ಅಡುಗೆಯವರ ಮೇಲ್ವಿಚಾರಕರಿಗೆ ಮತ್ತೊಮ್ಮೆ ನೆನಪಿಸಿ. ಉತ್ತರದಲ್ಲಿ 'ಜೈನ ಊಟ' ಎಂದರೆ ತಕ್ಷಣ ಅರ್ಥವಾಗುತ್ತದೆ, ಆದರೆ ಬಟಾಟೆ, ಕ್ಯಾರೆಟ್, ಮೂಲಂಗಿಯೂ ಬಿಟ್ಟುಹೋಗುತ್ತವೆ. ಅವು ನಿಮಗೆ ಆಗುವುದಾದರೆ 'ಈರುಳ್ಳಿ ಬೆಳ್ಳುಳ್ಳಿ ಮಾತ್ರ ಬೇಡ' ಎಂದು ಬಿಡಿಸಿ ಹೇಳಿ. ಗ್ರೇವಿಗೆ ಈರುಳ್ಳಿ ಮೊದಲೇ ಅರೆದು ಇಟ್ಟಿರುತ್ತಾರೆ, ಊಟದ ಹೊತ್ತಿಗೆ ಹೇಳಿದರೆ ಬರೀ ಬೇಳೆ, ಮೊಸರು ಬರುತ್ತದೆ. ದಾಲ್ ಬಾಟಿ ಚೂರ್ಮಾ, ಕೇರ್ ಸಾಂಗರಿ ಕೇಳಿ ಮಾಡಿಸಿಕೊಳ್ಳಿ. ಮರುಭೂಮಿಯ ಕಾಯಿ, ಕೋಡುಗಳನ್ನು ಒಣಗಿಸಿಟ್ಟು ಮಾಡುವ ಕೇರ್ ಸಾಂಗರಿಯ ಹುಳಿ ಖಾರ ನಮ್ಮ ನಾಲಿಗೆಗೆ ಹೊಂದುತ್ತದೆ.

ಕುಚ್ಚಲಕ್ಕಿ ಸಿಗದು. ಕ್ಯಾಬಿನ್ನಿನಲ್ಲಿ ಒಲೆ, ಕುಕ್ಕರ್ ಹಚ್ಚುವಂತಿಲ್ಲ, ಬೆಂಕಿಯ ಅಪಾಯ. ಬೆಳ್ತಿಗೆ ಅನ್ನವನ್ನು ಮೆತ್ತಗೆ ಬೇಯಿಸಿ ತಿಳಿ ಸಮೇತ ಕೊಡಿ ಎಂದರೆ ಮಾಡಿಕೊಡುತ್ತಾರೆ. ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ನೆಟ್ಟಗೆ ಇಡಿ. ಕುಲುಕಾಟಕ್ಕೆ ಮುಚ್ಚಳ ಸಡಿಲವಾಗುತ್ತದೆ.

ಅಷ್ಟು ಹಣ ನಮ್ಮಿಂದಾಗದು. ಅದೇ ಊರುಗಳನ್ನು ಸಾಮಾನ್ಯ ರೈಲಿನಲ್ಲಿ ನೋಡುವ ದಾರಿ ಹೇಳಿ. — ಮಡಕಶಿರಾದ ಓದುಗರು

ಹಿಂದೂಪುರದಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ. ಒಂದು ರಾತ್ರಿ ಅಲ್ಲಿ ತಂಗಿ, ಮರುದಿನ ಸಂಜೆ ಹಜರತ್ ನಿಜಾಮುದ್ದೀನ್‌ನಿಂದ ಮೇವಾಡ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಉದಯಪುರ. ದಾರಿಯಲ್ಲಿ ಚಿತ್ತೋಡದಲ್ಲೇ ಇಳಿದು ಕೋಟೆ ನೋಡಿ, ಮಧ್ಯಾಹ್ನ ಬಸ್ಸಿನಲ್ಲಿ ಉದಯಪುರಕ್ಕೆ ಹೋದರೆ ಒಂದು ದಿನ ಉಳಿತಾಯ. ಉದಯಪುರದಲ್ಲಿ ಎರಡು ರಾತ್ರಿ. ಅಲ್ಲಿಂದ ಜೋಧಪುರಕ್ಕೆ ಬಾಡಿಗೆ ಕಾರು ಮಾಡಿ, ರಾಣಕಪುರದ ಜೈನ ಬಸದಿ ನೋಡಿಕೊಂಡು ಸಂಜೆಗೆ ತಲುಪಿ. ಜೋಧಪುರದಲ್ಲಿ ಎರಡು ರಾತ್ರಿ ಇದ್ದು, ಮಂಡೋರ್ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ದೆಹಲಿ. ಜೈಪುರವೂ ಬೇಕಿದ್ದರೆ ಮಂಡೋರ್ ಬದಲು ಹಗಲು ರೈಲಿನಲ್ಲಿ ಜೈಪುರಕ್ಕೆ ಬನ್ನಿ. ಜೈಸಲ್ಮೇರ್ ಸೇರಿಸಿದರೆ ಇನ್ನೆರಡು ದಿನ ಬೇಕು, ಅವಸರದಲ್ಲಿ ಸೇರಿಸಬೇಡಿ.

ಉಳಿದ ಹಣದಲ್ಲಿ ಒಂದು ರಾತ್ರಿ, ಒಂದೇ ರಾತ್ರಿ, ಹೋಟೆಲ್ ಆಗಿರುವ ಹಳೆಯ ಹವೇಲಿಯಲ್ಲಿ, ಅಂದರೆ ಸಿರಿವಂತರ ದೊಡ್ಡ ಮನೆಯಲ್ಲಿ, ತಂಗಿ. ಚಿತ್ತಾರದ ಗೋಡೆ, ಒಳ ಅಂಗಳ, ಜರೋಖಾ ಎಂಬ ಕೆತ್ತನೆಯ ಚಾಚು ಕಿಟಕಿಯಿಂದ ಬೀಳುವ ಬೆಳಗಿನ ಬಿಸಿಲು ಹವೇಲಿಯಲ್ಲಿ ನಿಂತು ನೋಡಬೇಕಾದವು, ರೈಲಿನ ಬೋಗಿಯಲ್ಲಿ ಸಿಗುವಂಥವಲ್ಲ.

ಮರಳುವಾಗ ಗ್ವಾಲಿಯರ್‌ನಲ್ಲಿ ಇಳಿದರೆ ಜೈವಿಲಾಸ್ ಅರಮನೆಯ ಊಟದ ಮೇಜಿನ ಮೇಲೆ ಬೆಳ್ಳಿಯ ಪುಟ್ಟ ರೈಲು ಕಾಣಬಹುದು. ಅತಿಥಿಗಳ ಮುಂದೆ ಪಾನೀಯದ ಗಾಜಿನ ಕುಪ್ಪಿಗಳನ್ನು ಹೊತ್ತು ಸುತ್ತುತ್ತಿತ್ತು, ಕುಪ್ಪಿ ಎತ್ತಿದೊಡನೆ ನಿಲ್ಲುತ್ತಿತ್ತು.

ರಾಜರು ನಿಜವಾಗಿ ಕುಳಿತು ಹೋದ ಬೋಗಿ ಈಗ ಎಲ್ಲಾದರೂ ಇದೆಯೇ? ಶಾಲೆಯ ಮಕ್ಕಳಿಗೆ ತೋರಿಸಬೇಕಿತ್ತು. — ತಾಳವಾಡಿಯ ಶಿಕ್ಷಕರು

ನಿಮ್ಮ ಹತ್ತಿರವೇ ಇದೆ. 1982ರ ಜನವರಿ 26ರಂದು ಪ್ಯಾಲೇಸ್ ಆನ್ ವೀಲ್ಸ್ ಶುರುವಾದಾಗ ಹಳೆಯ ಸಂಸ್ಥಾನಿಕರ ಸಲೂನ್ ಬೋಗಿಗಳನ್ನೇ, ಅಂದರೆ ಅವರ ಖಾಸಗಿ ಪ್ರಯಾಣದ ಬೋಗಿಗಳನ್ನೇ, ಜೋಡಿಸಿದ್ದರು. ಅವು ಕಿರಿದಾದ ಮೀಟರ್ ಗೇಜ್ ಹಳಿಯವು, ವಯಸ್ಸಾದವು. ಮುಂದೆ ಅದೇ ಮಾದರಿಯ ಹೊಸ ಬೋಗಿಗಳು ಬಂದವು, ಹಳಿಗಳು ಅಗಲದ ಬ್ರಾಡ್ ಗೇಜ್ ಆದಾಗ ಮತ್ತೆ ಹೊಸ ರೈಲು ಬಂತು. ಹಾಗಾಗಿ ಈಗಿನ ಯಾವ ಐಷಾರಾಮಿ ರೈಲಿನಲ್ಲೂ ನೀವು ಮಲಗುವುದು ರಾಜರ ಬೋಗಿಯಲ್ಲಲ್ಲ.

ಅಸಲಿ ನೋಡಲು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಬನ್ನಿ. 1979ರಲ್ಲಿ ತೆರೆದದ್ದು, ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರಿಗೆ. ಅಲ್ಲಿ 1899ರ ಮಹಾರಾಣಿ ಸಲೂನ್ ಇದೆ: ಅಡುಗೆಮನೆ, ಊಟದ ಕೋಣೆ, ಶೌಚಾಲಯ ಎಲ್ಲ ಬೋಗಿಯೊಳಗೇ. ಮೈಸೂರು ಮಹಾರಾಜರ ಇನ್ನೊಂದು ಸಲೂನ್ ದೆಹಲಿಯ ರಾಷ್ಟ್ರೀಯ ರೈಲು ವಸ್ತುಸಂಗ್ರಹಾಲಯದಲ್ಲಿದೆ.

ತಾಳವಾಡಿಯಿಂದ ಚಾಮರಾಜನಗರಕ್ಕೆ ಬಸ್ಸು, ಅಲ್ಲಿಂದ ಮೈಸೂರಿಗೆ ಪ್ಯಾಸೆಂಜರ್ ರೈಲು. ವಾರದ ರಜೆ ಯಾವಾಗೆಂದು ಮೊದಲೇ ವಿಚಾರಿಸಿ. ಭಾನುವಾರವಾದರೆ ಸಂಜೆ 7ಕ್ಕೆ ಅರಮನೆಯ ದೀಪಗಳೂ ಸಿಗುತ್ತವೆ, ಆದರೆ ಅಷ್ಟು ಹೊತ್ತು ನಿಂತರೆ ಮರಳುವ ಬಸ್ಸು ತಪ್ಪೀತು. ಮಕ್ಕಳಿದ್ದಾರೆ, ವಾಹನವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.