ಮೇಲಿನ ಸಾ ಇಳಿದಿದ್ದರೆ ಬೋರ್ಡ್ ಬದಲಿಸಬೇಡಿ

ಮನೆಯಲ್ಲಿ ಮಾಡಿದ ಸಿಂಥಸೈಜರ್‌ನಲ್ಲಿ ಮೇಲಿನ ಸ್ವರಗಳು ಶ್ರುತಿ ತಪ್ಪುತ್ತಿವೆ, ಆರ್ಡುಯಿನೋ (ಪ್ರೋಗ್ರಾಂ ಬರೆದು ಹಾಕುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡ್) ಬಿಟ್ಟು ಯಾವ ಬೋರ್ಡ್ ಕೊಳ್ಳಲಿ ಅಂತ ಕೇಳಿದ್ದೀರಿ. ಯಾವುದೂ ಬೇಡ. ನನಗೂ ಹೀಗೇ ಆಗಿತ್ತು. ದುಡ್ಡೂ ಹೋಯಿತು, ಒಂದು ಶ್ರಾವಣವೂ ಹೋಯಿತು.

ನಮ್ಮದು ಕಲಬುರಗಿಯ ಬ್ರಹ್ಮಪುರ. ಶ್ರಾವಣದಲ್ಲಿ ಓಣಿಯ ಗುಡಿಯಲ್ಲಿ ದಿನಾ ರಾತ್ರಿ ಭಜನೆ. ಹೆಣ್ಣುಮಕ್ಕಳು ಹಾಡುವುದು ಪೇಟಿಯ (ಹಾರ್ಮೋನಿಯಂನ) ಬಿಳಿ ಆರರಲ್ಲಿ, ಅಂದರೆ ಅವರ ಸಾ 220 ಹರ್ಟ್ಜ್. ಪೇಟಿಯ ಜೊತೆ ನಾನು ಮಾಡಿದ್ದನ್ನೂ ನುಡಿಸಬೇಕು ಅಂತ ಬಹಳ ಆಸೆ ಇತ್ತು. ಮನೆಯಲ್ಲಿ ಮೊಬೈಲ್ ತಂಬೂರಿ ಹಚ್ಚಿ ಸಾ ರಿ ಗ ನುಡಿಸಿದೆ. ಎಷ್ಟು ಸಿಹಿಯಾಗಿತ್ತು! ಗುಡಿಯಲ್ಲಿ ಪದ ಮೇಲೇರಿದ ಕೂಡಲೇ ಪೇಟಿ ಮಾಸ್ತರರು ಕೈ ನಿಲ್ಲಿಸಿದರು. "ತಮ್ಮಾ, ಮ್ಯಾಲಿನ ಸಾ ಇಳದದ ನೋಡು."

ನನ್ನ ಹತ್ತಿರ ಇದ್ದ ಆರ್ಡುಯಿನೋ ಊನೋದ ಚಿಪ್ಪಿಗೆ ಗಡಿಯಾರ, ಅಂದರೆ ಅದು ಕೆಲಸ ಮಾಡುವ ಲಯ, ಕೊಡುವುದು ಕ್ರಿಸ್ಟಲ್ ಅಲ್ಲ, ಸೆರಾಮಿಕ್ ರೆಸೊನೇಟರ್. ಅದು ಅಷ್ಟು ನಿಖರ ಇರಲ್ಲ ಅಂತ ಓದಿದ್ದೆ. ತಪ್ಪು ಅಲ್ಲೇ ಇದೆ ಅಂದುಕೊಂಡು ಹೈದರಾಬಾದಿನಿಂದ ಜಾಸ್ತಿ ಬೆಲೆಯ ಬೋರ್ಡ್ ತರಿಸಿದೆ. ಅದರಲ್ಲೂ ಅದೇ ಕಥೆ. ಒಂದು ನಿಮಿಷ ಕೂತು ಯೋಚಿಸಿದ್ದರೆ ಗೊತ್ತಾಗುತ್ತಿತ್ತು. ಗಡಿಯಾರ ನಿಧಾನ ಇದ್ದರೆ ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಇಳಿಯಬೇಕು. ನನ್ನ ಕೆಳಗಿನ ಸಾ ಸರಿಯಾಗೇ ಇತ್ತು. ಮೇಲಿನದು ಮಾತ್ರ ಇಳಿದಿತ್ತು. ಹಾಗಿದ್ದರೆ ತಪ್ಪು ಲೆಕ್ಕದ್ದೇ, ಅಲ್ವಾ?

ನಾನು ಮಾಡಿದ್ದು ಇಷ್ಟು. 220 ಇಟ್ಟುಕೊಂಡು 1.059463ರಿಂದ (ಪೇಟಿಯ ಒಂದು ಮನೆಯಿಂದ ಮುಂದಿನ ಮನೆಗೆ ಇರುವ ಪ್ರಮಾಣ) ಗುಣಿಸಿ ಮುಂದಿನ ಸ್ವರ, ಅದನ್ನು ಮತ್ತೆ ಗುಣಿಸಿ ಅದರ ಮುಂದಿನದು. ಉತ್ತರ ಇಡಲು ಇಂಟ್, ಅಂದರೆ ಪೂರ್ಣಾಂಕ ಮಾತ್ರ ಹಿಡಿಯುವ ವೇರಿಯಬಲ್. ಇಂಟ್ ದಶಮಾಂಶವನ್ನು ಸುಮ್ನೆ ಕತ್ತರಿಸಿ ಬಿಸಾಕುತ್ತದೆ. 233.08 ಹೋಗಿ 233. ಅದರಿಂದ 246.85, ಉಳಿದದ್ದು 246. ಆಮೇಲೆ 260, 275, 291, 308, 326, 345, 365, 386, 408, ಕೊನೆಗೆ 432. ಬರಬೇಕಾದದ್ದು 440! ಕತ್ತರಿಸಿದ ಅಂಕಿಯನ್ನೇ ಮತ್ತೆ ಗುಣಿಸಿದ್ದರಿಂದ ಪ್ರತಿ ಮೆಟ್ಟಿಲಿನ ನಷ್ಟ ಮುಂದಿನದಕ್ಕೂ ಹೋಯಿತು. ಮೇಲಿನ ಸಾ ಮುಟ್ಟುವ ಹೊತ್ತಿಗೆ ಅರ್ಧ ಸ್ವರದ ಸುಮಾರು ಮೂರನೇ ಒಂದು ಪಾಲು ಇಳಿದಿತ್ತು.

ಮನೆಯಲ್ಲಿ ಯಾಕೆ ಗೊತ್ತಾಗಲಿಲ್ಲ? ಪೇಟಿಯ ಗ 277.18. ನನ್ನದು 275. ಆದರೆ ತಂಬೂರಿಯ ಜೊತೆ ಇಂಪಾಗಿ ಕೂರುವ ಶುದ್ಧ ಗ ಅಂದರೆ ಸಾದ 5/4 ಪಟ್ಟು, ಅದೂ ಸರಿಯಾಗಿ 275! ತಪ್ಪು ಲೆಕ್ಕವೇ ಕಿವಿಗೆ ಹಿತವಾಗಿ ಕೇಳಿತ್ತು. ಪ ನುಡಿಸಿದ್ದರೆ 326 ಆಗಲೇ ಸಿಕ್ಕಿಬೀಳುತ್ತಿತ್ತು.

ಒಂದು ಸ್ವರದಿಂದ ಇನ್ನೊಂದನ್ನು ಲೆಕ್ಕ ಮಾಡಲೇಬೇಡಿ. ಪ್ರತಿಯೊಂದನ್ನೂ 440ರಿಂದಲೇ ತೆಗೆಯಿರಿ. ಮಿಡಿ ನಂಬರಿನಲ್ಲಿ (ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಪ್ರತಿ ಸ್ವರಕ್ಕೆ ಕೊಟ್ಟ ಸಂಖ್ಯೆ; 440ಕ್ಕೆ 69) 69 ಕಳೆದು, 12ರಿಂದ ಭಾಗಿಸಿ, 2ನ್ನು ಆ ಘಾತಕ್ಕೆ ಏರಿಸಿ, 440ರಿಂದ ಗುಣಿಸಿ. ಭಾಗಿಸುವಾಗ 12 ಅಲ್ಲ, 12.0 ಬರೆಯಿರಿ. ಇಲ್ಲದಿದ್ದರೆ ಅಲ್ಲೂ ಇಂಟ್ ಕತ್ತರಿಸುತ್ತದೆ. ಫೇಸ್ ಅಕ್ಯುಮುಲೇಟರ್, ಅಂದರೆ ಅಲೆಯಲ್ಲಿ ಈಗ ಎಲ್ಲಿದ್ದೇವೆ ಅಂತ ಎಣಿಸುವ ವೇರಿಯಬಲ್, 32 ಬಿಟ್ ಇರಲಿ. ಪ್ರತಿ ಸ್ಯಾಂಪಲ್‌ಗೆ ಕೂಡಿಸುವ ಅಂಕಿ ಬೇಕೆಂದರೆ ಫ್ರೀಕ್ವೆನ್ಸಿಯನ್ನು 4294967296ರಿಂದ (2ರ 32ನೇ ಘಾತ) ಗುಣಿಸಿ ಸ್ಯಾಂಪಲ್ ರೇಟಿನಿಂದ (ಸೆಕೆಂಡಿಗೆ ಎಷ್ಟು ಸ್ಯಾಂಪಲ್ ಅನ್ನುವ ಲೆಕ್ಕ) ಭಾಗಿಸಿ. ದಶಮಾಂಶ ತೆಗೆಯುವುದು ಇಲ್ಲಿ, ಕೊನೆಗೆ, ಒಂದೇ ಸಲ.

ಬೋರ್ಡಿನ ದುಡ್ಡು ಜೇಬಲ್ಲೇ ಇರಲಿ. ಇವತ್ತು ರಾತ್ರಿ ನಿಮ್ಮ ಸ್ವರಗಳ ಫ್ರೀಕ್ವೆನ್ಸಿ ಟೇಬಲ್ಲನ್ನು ಸೀರಿಯಲ್ ಮಾನಿಟರಿಗೆ (ಬೋರ್ಡ್ ಕಳಿಸಿದ್ದನ್ನು ಕಂಪ್ಯೂಟರಿನಲ್ಲಿ ತೋರಿಸುವ ಕಿಟಕಿ) ಪ್ರಿಂಟ್ ಮಾಡಿ. 13ನೇ ಅಂಕಿ ಮೊದಲನೆಯದರ ಎರಡರಷ್ಟು ಇದೆಯಾ ನೋಡಿ. ಇಲ್ಲದಿದ್ದರೆ ಆ 13 ಅಂಕಿಗಳನ್ನು ಇಲ್ಲಿ ಹಾಕಿ, ನಾನು ನೋಡುತ್ತೇನೆ.