ಗಿಟಾರಿನ ಬ್ರಿಡ್ಜ್ ಎದ್ದಿದೆ, ಯಾವ ಅಂಟು ಹಾಕಲಿ?

ಅಕೌಸ್ಟಿಕ್ ಗಿಟಾರಿನ ಬ್ರಿಡ್ಜ್ (ತಂತಿಗಳ ತುದಿ ಸಿಕ್ಕಿಸುವ ಮರದ ಪಟ್ಟಿ) ಹಿಂಬದಿಯಲ್ಲಿ ಎದ್ದು ಸಂದಿಯಲ್ಲಿ ವಿಸಿಟಿಂಗ್ ಕಾರ್ಡ್ ನುಗ್ಗುತ್ತಿದೆ, ಫೆವಿಕ್ವಿಕ್ ಬಿಡಲೇ ಅರಾಲ್ಡೈಟ್ ತರಲೇ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ಇವತ್ತೇ ತಂತಿಗಳನ್ನು ಸಡಿಲಿಸಿ. 12–53ರ (ತಂತಿಗಳ ದಪ್ಪ, ಇಂಚಿನ ಸಾವಿರದ ಲೆಕ್ಕದಲ್ಲಿ) ಲೈಟ್ ಸೆಟ್ಟೇ ಒಟ್ಟು 70 ಕಿಲೋ ಆಸುಪಾಸಿನ ಬಲದಿಂದ ಎಳೆಯುತ್ತದೆ. ಹಾಗೇ ಬಿಟ್ಟರೆ ಬ್ರಿಡ್ಜ್ ಏಳುವಾಗ ಟಾಪಿನ, ಅಂದರೆ ಗಿಟಾರಿನ ಮುಂಭಾಗದ ಹಲಗೆಯ, ಮರದ ನಾರನ್ನೂ ಕಿತ್ತುಕೊಂಡು ಬರುತ್ತದೆ.

ಈ ಜಾಗಕ್ಕೆ ನನ್ನ ಆಯ್ಕೆ ಕೆಂಪು ಲೇಬಲಿನ ಟೈಟ್‌ಬಾಂಡ್ ಒರಿಜಿನಲ್ ಎಂಬ ಮರದ ಅಂಟು. ಒಣಗಿದ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ, ಮುಂದೆಂದಾದರೂ ಬಿಚ್ಚಬೇಕಾದರೆ ಬಿಸಿಗೆ ಬಿಡುತ್ತದೆ. ನೀರು ತಡೆಯುತ್ತದೆ ಅಂತ ಟೈಟ್‌ಬಾಂಡ್ 3 ಕೊಳ್ಳಬೇಡಿ. ಗಿಟಾರನ್ನು ಮಳೆಗೆ ಇಡುವವರು ಯಾರೂ ಇಲ್ಲ, ಸತತ ಎಳೆತಕ್ಕೆ ಅದು ಒರಿಜಿನಲ್‌ಗಿಂತ ಹೆಚ್ಚು ಜಾರುತ್ತದೆ. ಫೆವಿಕಾಲ್ ಎಸ್‌ಎಚ್ ಮೇಜು ಕುರ್ಚಿಗೆ ಒಳ್ಳೆಯದೇ. ಆದರೆ ಅದರಂಥ ಬಿಳಿ ಅಂಟು (ಪಿವಿಎ) ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ, ತಂತಿಯ ಎಳೆತಕ್ಕೆ ಬ್ರಿಡ್ಜ್ ಕೂದಲೆಳೆಯಷ್ಟಷ್ಟೇ ಮುಂದೆ ಸರಿಯುತ್ತದೆ.

ಅಂಟು ಯಾವುದೇ ಇರಲಿ, ಸಂದಿಗೆ ಸುರಿದರೆ ಹಿಡಿಯುವುದಿಲ್ಲ. ಒಣಗಿದ ಹಳೆ ಅಂಟಿನ ಮೇಲೆ ಹೊಸದು ಕೂರುವುದಿಲ್ಲ, ಹಾಗಾಗಿ ಬ್ರಿಡ್ಜನ್ನು ಪೂರ್ತಿ ತೆಗೆಯಬೇಕು. ಕೆಲವು ಗಿಟಾರುಗಳಲ್ಲಿ ಬ್ರಿಡ್ಜಿನ ಬಿಳಿ ಚುಕ್ಕೆಗಳ ಕೆಳಗೆ ಬೋಲ್ಟ್ ಅಡಗಿರುತ್ತದೆ. ಸೌಂಡ್‌ಹೋಲಿನೊಳಗೆ (ನಡುವಿನ ದುಂಡು ರಂಧ್ರ) ಕನ್ನಡಿ ಹಿಡಿದು ಬೋಲ್ಟಿನ ನಟ್ ಇದೆಯೇ ನೋಡಿ. ಬ್ರಿಡ್ಜಿನ ಮೇಲೆ ತಂತಿ ಕೂರುವ ಪ್ಲಾಸ್ಟಿಕ್ ಪಟ್ಟಿ (ಸ್ಯಾಡಲ್) ತೆಗೆದಿಡಿ, ಇಲ್ಲವಾದರೆ ಕರಗೀತು. ಸುತ್ತಲಿನ ಪಾಲಿಷ್‌ಗೆ ರಟ್ಟು ಮತ್ತು ಅಲ್ಯೂಮಿನಿಯಂ ಫಾಯಿಲ್ ಹೊದಿಸಿ, ಇಸ್ತ್ರಿಪೆಟ್ಟಿಗೆಯಿಂದ ಬ್ರಿಡ್ಜನ್ನು ಮಾತ್ರ ಬಿಸಿ ಮಾಡಿ, ತೆಳು ಪ್ಯಾಲೆಟ್ ಚಾಕುವನ್ನು ಹಿಂಬದಿಯಿಂದ ನಿಧಾನ ತೂರಿಸಿ. ಚಾಕು ಮರದೊಳಕ್ಕೆ ಇಳಿಯುವಂತೆ ಕಂಡರೆ ಅಲ್ಲಿಗೇ ನಿಲ್ಲಿಸಿ ಎದುರು ದಿಕ್ಕಿನಿಂದ ಬನ್ನಿ.

ಈಗ ಎರಡೂ ಮೈಯನ್ನು ಬರಿ ಮರ ಕಾಣುವವರೆಗೆ ಹೆರೆಯಿರಿ. ಅನೇಕ ಫ್ಯಾಕ್ಟರಿ ಗಿಟಾರುಗಳಲ್ಲಿ ಬ್ರಿಡ್ಜಿನ ಅಂಚಿನಡಿ ಪಾಲಿಷ್ ಉಳಿದಿರುತ್ತದೆ. ಅಲ್ಲಿ ಅಂಟು ಮರವನ್ನಲ್ಲ, ಪಾಲಿಷನ್ನು ಹಿಡಿದಿರುತ್ತದೆ, ಏಳುವುದೂ ಅಲ್ಲಿಂದಲೇ. ಅಂಟಿಲ್ಲದೆ ಇಟ್ಟು ನೋಡಿ. ಅಂಚಿನಲ್ಲಿ ಕಾಗದ ನುಗ್ಗಿದರೆ ಟಾಪಿನ ಮೇಲೆ ಉಪ್ಪುಕಾಗದವನ್ನು ಒರಟು ಮೈ ಮೇಲಾಗಿ ಇಟ್ಟು ಬ್ರಿಡ್ಜಿನ ತಳವನ್ನು ಉಜ್ಜಿ. ಸರಿಯಾಗಿ ಹೊಂದದ ಬ್ರಿಡ್ಜನ್ನು ಕ್ಲಾಂಪಿನ (ಒತ್ತಿ ಹಿಡಿಯುವ ಸಾಧನ) ಬಲದಿಂದಲೇ ಕೂರಿಸಿದರೆ ಮತ್ತೆ ಎದ್ದೇ ಏಳುತ್ತದೆ. ಬ್ರಿಡ್ಜ್ ರೋಸ್‌ವುಡ್ಡಿನದಾದರೆ ಅದು ಎಣ್ಣೆಯ ಮರ, ಅಂಟು ಹಚ್ಚುವ ಮೊದಲು ತಳವನ್ನು ಅಸಿಟೋನಿನಿಂದ ಒರೆಸಿ. ಅಸಿಟೋನ್ ಪಾಲಿಷ್‌ಗೆ ತಾಗದಿರಲಿ.

ಕ್ಲಾಂಪುಗಳನ್ನು ಮೊದಲೇ ಅಳವಡಿಸಿ ಅಭ್ಯಾಸ ಮಾಡಿಕೊಳ್ಳಿ, ಹಚ್ಚಿದ ಮೇಲೆ ಸಿಗುವುದು ಸುಮಾರು 5 ನಿಮಿಷ. ತೆಳುವಾಗಿ ಹಚ್ಚಿ, ಸೌಂಡ್‌ಹೋಲಿನ ಮೂಲಕ ಮೂರು ಕ್ಲಾಂಪ್ ಹಾಕಿ, ಒಳಗೆ ಮರದ ಹಲಗೆ ಕೊಡಿ. ಸುತ್ತಲೂ ಸಣ್ಣ ಮಣಿಗಳಂತೆ ಅಂಟು ಹೊರಬಂದರೆ ಸಾಕು. ಇನ್ನೂ ಬಿಗಿದರೆ ಒಳಗೆ ಅಂಟೇ ಉಳಿಯುವುದಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, 24 ಗಂಟೆ ತಂತಿ ಹಾಕಬೇಡಿ.

ಹಳೆಯ ಬಡಗಿಗಳು ಬಳಸುತ್ತಿದ್ದ ಮರವಜ್ರದಂಥ ಪ್ರಾಣಿಜನ್ಯ ಅಂಟು ಇದಕ್ಕಿಂತಲೂ ಬಿಗಿ. ಆದರೆ 60 ಡಿಗ್ರಿಯಲ್ಲಿ ಬಿಸಿಯಾಗಿಟ್ಟು, ತಣಿಯುವ ಮೊದಲು, ಅಂದರೆ ಒಂದು ನಿಮಿಷದೊಳಗೆ, ಕ್ಲಾಂಪ್ ಮುಗಿಸಬೇಕು. ಮೊದಲ ಸಲಕ್ಕೆ ಬೇಡ.

ಫೆವಿಕ್ವಿಕ್ ಅನ್ನು ಗಿಟಾರಿನ ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿಗೆ (ಇದಕ್ಕೂ ನಟ್ ಅಂತಲೇ ಹೆಸರು), ಕತ್ತಿನ ಮೇಲಿನ ಸಡಿಲ ಲೋಹದ ಪಟ್ಟಿಗೆ (ಫ್ರೆಟ್) ಒಂದೊಂದು ಹನಿ ಇಟ್ಟುಕೊಳ್ಳಿ. ಅರಾಲ್ಡೈಟ್ ಮರ ಚೂರಾಗಿ ಹೋಗಿ ಖಾಲಿ ಜಾಗ ತುಂಬಬೇಕಾದಲ್ಲಿ ಮಾತ್ರ. ಹೆಡ್‌ಸ್ಟಾಕ್ (ತಂತಿ ಬಿಗಿಸುವ ಕೀಲಿಗಳಿರುವ ತಲೆಭಾಗ) ನಾರಿನುದ್ದಕ್ಕೆ ಸೀಳಿದ್ದರೆ ಅದಕ್ಕೂ ಟೈಟ್‌ಬಾಂಡೇ ಸರಿ. ಅಡ್ಡಲಾಗಿ ಮುರಿದಿದ್ದರೆ ಅಂಟೊಂದೇ ಸಾಲದು, ಒಳಗೆ ಮರದ ಪಟ್ಟಿ ಕೂರಿಸಬೇಕು, ಅದು ಗಿಟಾರ್ ರಿಪೇರಿಯವರ ಕೆಲಸ.